ಸ್ವಯಂಸೇವಾ ಪೆಟ್ರೋಲ್ ಬಂಕುಗಳು: ಅಪಾಯ ಮತ್ತು ಹೊಣೆ

ಪರರು ಮಾಡಿಕೊಡುತ್ತಿದ್ದ ಕೆಲಸವನ್ನು ನಾವೇ ಮಾಡಿಕೊಂಡರೆ ಹಣವೂ ಕಾಲವೂ ಉಳಿಯುವುದು ದಿಟ. ಆದರೆ ಆ ಕೆಲಸದೊಡನೆ ಇದ್ದ ಎಚ್ಚರಿಕೆಯ ಹೊಣೆಯೂ ನಮ್ಮ ಪಾಲಿಗೆ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದ ಪೆಟ್ರೋಲ್ ಬಂಕುಗಳು ಇದಕ್ಕೆ ಉತ್ತಮ ನಿದರ್ಶನವಾಗಿವೆ. ನಮ್ಮಲ್ಲಿ ಸಾಮಾನ್ಯವಾಗಿ ಬಂಕಿನ ನೌಕರನೇ ವಾಹನಕ್ಕೆ ಪೆಟ್ರೋಲ್ ತುಂಬುತ್ತಾನೆ. ಅಲ್ಲಿ ಬಹುತೇಕ ಎಲ್ಲೆಡೆಯೂ ಗ್ರಾಹಕನೇ ತುಂಬಿಕೊಳ್ಳುತ್ತಾನೆ.

ಮೊದಲು ಪೆಟ್ರೋಲಿನ ಗುಣವನ್ನು ಅರಿಯಬೇಕು. ಉರಿಯುವುದು ದ್ರವವಲ್ಲ, ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯು ಅದರಿಂದ ಹೊರಡುತ್ತದೆ. ಗಾಳಿಯಲ್ಲಿ ಈ ಆವಿಯು ನೂರಕ್ಕೆ ಸುಮಾರು 1.4ರಿಂದ 7.6 ಭಾಗದಷ್ಟು ಬೆರೆತಿರುವಾಗ ಕಿಡಿ ತಗುಲಿದರೆ ಬೆಂಕಿ ಏಳುತ್ತದೆ. ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾದ್ದರಿಂದ ಅದು ಮೇಲೇರದೆ ನೆಲದ ಮೇಲೆ ಹರಡುತ್ತದೆ.

ಕಿಡಿಯು ಎಲ್ಲಿಂದ ಬರುತ್ತದೆ? ಸಿಗರೇಟು, ಬೆಂಕಿಕಡ್ಡಿಗಳ ಅಪಾಯವನ್ನು ಎಲ್ಲರೂ ಬಲ್ಲರು. ಕಣ್ಣಿಗೆ ಕಾಣದ ಇನ್ನೊಂದು ಮೂಲವೆಂದರೆ ಸ್ಥಿರವಿದ್ಯುತ್ತು. ಒಣ ಚಳಿಗಾಲದಲ್ಲಿ ಕಾರಿನ ಆಸನಕ್ಕೆ ಬಟ್ಟೆ ಉಜ್ಜಿ ಇಳಿಯುವವನ ಮೈಯಲ್ಲಿ 10,000 ವೋಲ್ಟಿನಷ್ಟು ವಿದ್ಯುದಾವೇಶ ಕೂಡಬಹುದು. ಮಾನವದೇಹದ ವಿದ್ಯುತ್ ಧಾರಣಶಕ್ತಿಯನ್ನು 100 ಪೈಕೋಫ್ಯಾರಡ್ ಎಂದಿಟ್ಟುಕೊಂಡು ಲೆಕ್ಕ ಮಾಡಿದರೆ, ಆಗ ಸಂಗ್ರಹವಾಗುವ ಶಕ್ತಿ 5 ಮಿಲಿಜೌಲ್. ಪೆಟ್ರೋಲಿನ ಆವಿಯನ್ನು ಹೊತ್ತಿಸಲು ಒಂದು ಮಿಲಿಜೌಲಿಗೂ ಕಡಿಮೆ ಶಕ್ತಿ ಸಾಕು.

ಇಂತಹ ಅವಘಡಗಳು ನಡೆಯುವ ರೀತಿ ಹೀಗೆ: ಚಾಲಕನು ಪೆಟ್ರೋಲ್ ತಾನಾಗಿ ಹರಿಯುವಂತೆ ನಾಝಲ್ಲಿನ ಕೊಂಡಿಯನ್ನು ಸಿಕ್ಕಿಸಿ, ಚಳಿಗೆ ಅಂಜಿ ಕಾರಿನೊಳಗೆ ಹೋಗಿ ಕುಳಿತು, ಮತ್ತೆ ಇಳಿದು ಬಂದು ನಾಝಲ್ಲನ್ನು ಮುಟ್ಟುತ್ತಾನೆ. ಆವಿಯು ಹೊರಹೊಮ್ಮುವ ಬಾಯಿಯ ಬಳಿಯಲ್ಲಿಯೇ ಆಗ ಕಿಡಿ ಹಾರುತ್ತದೆ. ಆದುದರಿಂದ ಈ ನಿಯಮಗಳನ್ನು ಪಾಲಿಸಬೇಕು:

1. ಎಂಜಿನ್ನನ್ನು ನಿಲ್ಲಿಸಬೇಕು, ತುಂಬಿ ಮುಗಿಯುವವರೆಗೆ ಕಾರಿನೊಳಗೆ ಹೋಗಬಾರದು.
2. ಹೋಗಲೇಬೇಕಾಗಿ ಬಂದರೆ, ಮರಳಿ ಬಂದಾಗ ಟ್ಯಾಂಕಿನ ಬಾಯಿಯಿಂದ ದೂರದ ಲೋಹದ ಭಾಗವನ್ನು ಮೊದಲು ಮುಟ್ಟಬೇಕು.
3. ಡಬ್ಬಿಗೆ ತುಂಬುವಾಗ ಅದನ್ನು ವಾಹನದಲ್ಲಿರಿಸದೆ ನೆಲದ ಮೇಲಿಡಬೇಕು.
4. ಬೆಂಕಿ ಹೊತ್ತಿದರೆ ನಾಝಲ್ಲನ್ನು ಹೊರಗೆಳೆಯಬಾರದು. ಎಳೆದರೆ ಪೆಟ್ರೋಲ್ ಚೆಲ್ಲಿ ಉರಿ ಹಬ್ಬುತ್ತದೆ. ಒಡನೆಯೇ ದೂರ ಸರಿದು ಬಂಕಿನವರಿಗೆ ತಿಳಿಸಬೇಕು.

ಇನ್ನು ಹೊಣೆಯ ವಿಚಾರ. ಕೊಳವೆ, ನಾಝಲ್ಲುಗಳನ್ನು ಸುಸ್ಥಿತಿಯಲ್ಲಿಡುವುದು, ಚೆಲ್ಲಿದ ಎಣ್ಣೆಯನ್ನು ತೆಗೆಸುವುದು, ಎಚ್ಚರಿಕೆಯ ಫಲಕ ಹಾಕುವುದು, ಪಂಪುಗಳನ್ನು ಒಮ್ಮೆಲೇ ನಿಲ್ಲಿಸುವ ತುರ್ತು ಗುಂಡಿಯನ್ನು ಕೈಗೆಟುಕುವಂತಿಡುವುದು ಬಂಕಿನ ಒಡೆಯನ ಕರ್ತವ್ಯ. ಯಂತ್ರದಲ್ಲಿಯೇ ದೋಷವಿದ್ದರೆ ತಯಾರಕನೂ ಉತ್ತರಿಸಬೇಕಾದೀತು. ಸಿಗರೇಟು ಸೇದಿದ, ಇಲ್ಲವೇ ನಾಝಲ್ಲು ಟ್ಯಾಂಕಿನಲ್ಲಿರುವಂತೆಯೇ ಕಾರು ಓಡಿಸಿದ ಗ್ರಾಹಕನ ತಪ್ಪು ಅವನದೇ. ಅಲ್ಲಿಯ ಹೆಚ್ಚಿನ ರಾಜ್ಯಗಳಲ್ಲಿ ನ್ಯಾಯಾಲಯವು ತಪ್ಪನ್ನು ಪಾಲು ಮಾಡುತ್ತದೆ. ನಷ್ಟ 1,000 ಡಾಲರ್ ಆಗಿ, ಅದರಲ್ಲಿ ಗಾಯಗೊಂಡವನ ತಪ್ಪು ನೂರಕ್ಕೆ 30 ಎಂದು ನಿರ್ಣಯವಾದರೆ ಅವನಿಗೆ ದೊರೆಯುವುದು 700 ಮಾತ್ರ. ಅವನ ತಪ್ಪು ಅರ್ಧಕ್ಕೂ ಮೀರಿದ್ದರೆ ಅನೇಕ ರಾಜ್ಯಗಳಲ್ಲಿ ಏನೂ ದೊರೆಯದು.

ನ್ಯೂಜೆರ್ಸಿ ರಾಜ್ಯವು ಬೇರೆ ಹಾದಿ ಹಿಡಿಯಿತು. 1949ರಲ್ಲಿ ಅದು ಸ್ವಯಂಸೇವೆಯನ್ನೇ ನಿಷೇಧಿಸಿತು. 1951ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಎತ್ತಿಹಿಡಿಯಿತು. ಬೆಂಕಿಯ ಭಯ, ವಾಹನದಿಂದಿಳಿದ ಗ್ರಾಹಕರು ಜಾರಿ ಬೀಳುವ ಸಂಭವ, ವೃದ್ಧರ ಮತ್ತು ಅಂಗವಿಕಲರ ತೊಂದರೆಗಳನ್ನು ಅಲ್ಲಿಯ ಕಾನೂನು ಕಾರಣಗಳಾಗಿ ಹೇಳುತ್ತದೆ. 1951ರಲ್ಲಿ ಇಂತಹುದೇ ನಿಷೇಧ ತಂದಿದ್ದ ಆರೆಗಾನ್ ರಾಜ್ಯವು 2023ರಲ್ಲಿ ಸ್ವಯಂಸೇವೆಗೆ ಅನುಮತಿ ನೀಡಿತು.

ಎರಡು ಹಾದಿಗಳಲ್ಲಿ ಯಾವುದನ್ನು ಹಿಡಿದರೂ ಪೆಟ್ರೋಲಿನ ಗುಣವು ಬದಲಾಗದು. ನ್ಯಾಯಾಲಯವು ಹೊಣೆಯನ್ನು ಹಂಚುವುದು ಅವಘಡವಾದ ಮೇಲೆ. ಸುಟ್ಟ ಮೈಯನ್ನು ಯಾವ ಪರಿಹಾರಧನವೂ ಮೊದಲಿನಂತೆ ಮಾಡದು. ಭೌತಶಾಸ್ತ್ರದ ತರಗತಿಯಲ್ಲಿ ಬಾಚಣಿಗೆಯನ್ನುಜ್ಜಿ ಕಾಗದದ ಚೂರುಗಳನ್ನು ಸೆಳೆದ ವಿದ್ಯಾರ್ಥಿಯು, ಅದೇ ಶಕ್ತಿಯು ಬಂಕಿನಲ್ಲಿ ಪ್ರಾಣವನ್ನೂ ಸೆಳೆದೀತೆಂಬುದನ್ನು ನೆನಪಿಡಬೇಕು.