ಪೆಟ್ಲುಪ್ಪು: ಉತ್ಪತ್ತಿ ಮತ್ತು ಉಪಯೋಗಗಳು

ಉಪ್ಪು ಎಂದೊಡನೆ ನಮ್ಮ ನೆನಪಿಗೆ ಬರುವುದು ಅಡಿಗೆಯ ಉಪ್ಪು. ಆದರೆ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಉಪ್ಪು ಎಂಬುದು ಒಂದು ದೊಡ್ಡ ಕುಲದ ಹೆಸರು. ಬಿಳಿಗಾರ, ಪಟಿಕ, ಮೈಲುತುತ್ತ ಇವೆಲ್ಲವೂ ಆ ಕುಲಕ್ಕೆ ಸೇರಿದವು. ಇವುಗಳ ನಡುವೆ ಮಾನವನ ಇತಿಹಾಸವನ್ನೇ ತಿರುಗಿಸಿದ ಲವಣ ಒಂದಿದೆ. ಅದೇ ಪೆಟ್ಲುಪ್ಪು. ಪೈರನ್ನು ಪೋಷಿಸುವ ಶಕ್ತಿಯೂ ಕೋಟೆಯನ್ನು ಕೆಡಹುವ ಶಕ್ತಿಯೂ ಈ ಒಂದೇ ವಸ್ತುವಿನಲ್ಲಿ ಅಡಗಿರುವುದರಿಂದ ಇದರ ವೃತ್ತಾಂತವು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮನನೀಯವಾದುದು.

ಸ್ವರೂಪ

ಪೆಟ್ಲುಪ್ಪಿನ ರಾಸಾಯನಿಕ ನಾಮ ಪೊಟ್ಯಾಸಿಯಂ ನೈಟ್ರೇಟ್. ಉತ್ತರ ಭಾರತದಲ್ಲಿ ಇದನ್ನು ಶೋರಾ ಎನ್ನುತ್ತಾರೆ. ಪೊಟ್ಯಾಸಿಯಂ, ಸಾರಜನಕ ಮತ್ತು ಆಮ್ಲಜನಕಗಳ ಸಂಯುಕ್ತವಾದ ಇದು ಬಣ್ಣವಿಲ್ಲದ ಹರಳುಗಳ ರೂಪದಲ್ಲಿ ದೊರೆಯುತ್ತದೆ. ಇದರ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಆಮ್ಲಜನಕವೇ ಇರುತ್ತದೆ. ತಾನು ಸ್ವತಃ ಉರಿಯುವ ವಸ್ತುವಲ್ಲ. ಆದರೆ ಉರಿಯುವ ವಸ್ತುಗಳ ಜತೆಗೂಡಿದಾಗ ಅವಕ್ಕೆ ಬೇಕಾದ ಆಮ್ಲಜನಕವನ್ನು ಒದಗಿಸಿ ದಹನವನ್ನು ತೀವ್ರಗೊಳಿಸುತ್ತದೆ. ಇದರ ಉಪಯೋಗಗಳಲ್ಲಿ ಬಹುಪಾಲಿಗೆ ಈ ಗುಣವೇ ಮೂಲ.

ಉತ್ಪತ್ತಿ

ಈ ಲವಣ ಹುಟ್ಟುವುದು ನಮ್ಮ ಊರುಕೇರಿಗಳಲ್ಲೇ ಎಂಬುದು ಗಮನಾರ್ಹ. ದನಗಳ ಗಂಜಲ, ಸಗಣಿ, ಕೊಳೆತ ಸಸ್ಯಾವಶೇಷಗಳು ಮಣ್ಣಿಗೆ ಸೇರಿದಾಗ ಅವುಗಳಲ್ಲಿನ ಸಾರಜನಕವು ಮೊದಲು ಅಮೋನಿಯವಾಗುತ್ತದೆ. ಬಳಿಕ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ ಕೊನೆಗೆ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇದು ಜೀವಿಗಳ ಕಾರ್ಯವೆಂಬುದನ್ನು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಹೀಗೆ ಮಣ್ಣಿನಲ್ಲಿ ಕೂಡಿದ ನೈಟ್ರೇಟು ಮಳೆಗಾಲ ಕಳೆದ ಮೇಲೆ ತೇವದೊಡನೆ ಮೇಲಕ್ಕೇರಿ, ನೀರು ಆವಿಯಾದ ನಂತರ ನೆಲದ ಮೇಲೂ ಗೋಡೆಗಳ ಬುಡದಲ್ಲೂ ಬಿಳಿಯ ಹುಡಿಯಾಗಿ ಅರಳುತ್ತದೆ.

ಜನವಸತಿ ದಟ್ಟವಾಗಿದ್ದು, ದನಕರು ಹೇರಳವಾಗಿದ್ದು, ಮಳೆಯ ನಂತರ ದೀರ್ಘಕಾಲ ಒಣಹವೆ ಇರುವ ಬಿಹಾರದ ಸಾರಣ, ಚಂಪಾರಣ ಮುಂತಾದ ಪ್ರದೇಶಗಳು ಇದಕ್ಕೆ ಪ್ರಶಸ್ತವಾದ ನೆಲೆಗಳಾಗಿದ್ದವು. ಅಲ್ಲಿನ ನೋನಿಯಾ ಎಂಬ ಶ್ರಮಿಕ ಸಮುದಾಯದವರು ಕೊಟ್ಟಿಗೆಗಳ ಮತ್ತು ಹಳೆಯ ಗೋಡೆಗಳ ಬಳಿಯ ಮಣ್ಣನ್ನು ಕೆರೆದು ತಂದು, ನೀರೆರೆದು ಸೋಸಿ, ಬಂದ ದ್ರಾವಣವನ್ನು ಕುದಿಸಿ, ತಣಿಸಿ ಹರಳುಗಳನ್ನು ಪಡೆಯುತ್ತಿದ್ದರು. ಮರದ ಬೂದಿಯೂ ಈ ಕಾರ್ಯದಲ್ಲಿ ಅಗತ್ಯ. ಮಣ್ಣಿನಲ್ಲಿರುವ ಕ್ಯಾಲ್ಸಿಯಂ ನೈಟ್ರೇಟ್ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿನೊಡನೆ ವರ್ತಿಸಿ ಪೆಟ್ಲುಪ್ಪಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟು ತಳದಲ್ಲಿ ಉಳಿಯುತ್ತದೆ.

ಈ ವಿಧಾನದ ಮರ್ಮವು ಕರಗುವಿಕೆಯ ವ್ಯತ್ಯಾಸದಲ್ಲಿದೆ. 100 ಗ್ರಾಂ ನೀರಿನಲ್ಲಿ ಸೊನ್ನೆ ಡಿಗ್ರಿ ಉಷ್ಣತೆಯಲ್ಲಿ ಸುಮಾರು 13 ಗ್ರಾಂ ಪೆಟ್ಲುಪ್ಪು ಮಾತ್ರ ಕರಗಿದರೆ, ಕುದಿಯುವ ನೀರಿನಲ್ಲಿ ಸುಮಾರು 245 ಗ್ರಾಂ ಕರಗುತ್ತದೆ. ಅಡಿಗೆ ಉಪ್ಪಾದರೋ ಸುಮಾರು 36 ಗ್ರಾಂನಿಂದ 39ಕ್ಕೆ ಮಾತ್ರ ಏರುತ್ತದೆ. ಆದುದರಿಂದ ಬಿಸಿ ದ್ರಾವಣ ತಣಿದಾಗ ಪೆಟ್ಲುಪ್ಪು ಹರಳುಗಟ್ಟಿ ಬೇರ್ಪಡುತ್ತದೆ. ಅಡಿಗೆ ಉಪ್ಪು ಬಹುಮಟ್ಟಿಗೆ ನೀರಿನಲ್ಲೇ ನಿಲ್ಲುತ್ತದೆ. ಶಾಲೆಯ ಮೆಟ್ಟಿಲನ್ನೇರದ ಶ್ರಮಜೀವಿಗಳು ಈ ತತ್ತ್ವವನ್ನು ಅನುಭವದಿಂದ ಅರಿತಿದ್ದರು.

ಚರಿತ್ರೆಯಲ್ಲಿ ಪೆಟ್ಲುಪ್ಪು

ಮುಕ್ಕಾಲು ಪಾಲು ಪೆಟ್ಲುಪ್ಪಿಗೆ ಇದ್ದಲು ಮತ್ತು ಗಂಧಕ ಸೇರಿದರೆ ಕೋವಿಮದ್ದು. ಚೀನಾದಲ್ಲಿ ಒಂಬತ್ತನೆಯ ಶತಮಾನದ ವೇಳೆಗೆ ತಿಳಿದುಬಂದ ಈ ಮಿಶ್ರಣವು ಮುಂದೆ ಜಗತ್ತಿನ ಯುದ್ಧಕ್ರಮವನ್ನೇ ಬದಲಿಸಿತು. ಡಚ್ಚರೂ ಇಂಗ್ಲಿಷರೂ ಪಾಟ್ನಾದಲ್ಲಿ ಕೋಠಿಗಳನ್ನು ತೆರೆದುದಕ್ಕೆ ಈ ಲವಣವೂ ಒಂದು ಮುಖ್ಯ ಕಾರಣ. 1757ರ ಪ್ಲಾಸಿ ಕದನದ ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯು ಬಿಹಾರದ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ಮೀರ್ ಜಾಫರನಿಂದ ಪಡೆಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬ್ರಿಟನ್ನಿಗೂ ಅಮೆರಿಕಕ್ಕೂ ಮನಸ್ತಾಪ ಬಂದಾಗ ಬ್ರಿಟನ್ ಕೈಗೊಂಡ ಮೊದಲ ಕ್ರಮಗಳಲ್ಲಿ ಒಂದು ಪೆಟ್ಲುಪ್ಪಿನ ರಫ್ತನ್ನು ತಡೆದುದು. ಬಿಹಾರದ ಕೊಟ್ಟಿಗೆಯ ಮಣ್ಣು ಖಂಡಾಂತರದ ರಾಜಕೀಯದಲ್ಲಿ ತೂಗುಕಲ್ಲಾಗಿತ್ತು. ಮಣ್ಣು ಕೆರೆದ ನೋನಿಯಾಗಳಾದರೋ ವರ್ತಕರಿಂದ ಮುಂಗಡ ಪಡೆದು ಬಡತನದಲ್ಲೇ ಉಳಿದರು.

ನಮ್ಮ ನಾಡಿಗೂ ಈ ಚರಿತ್ರೆಯಲ್ಲಿ ಸ್ಥಾನವಿದೆ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೈನ್ಯವು ಕಬ್ಬಿಣದ ಕೊಳವೆಗಳಲ್ಲಿ ಮದ್ದನ್ನು ತುಂಬಿದ ರಾಕೆಟ್ಟುಗಳನ್ನು ಬಳಸಿತು; 1780ರ ಪೊಲ್ಲಿಲೂರು ಕದನದಲ್ಲಿ ಇವು ಇಂಗ್ಲಿಷರನ್ನು ಕಂಗೆಡಿಸಿದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ದೊರೆತವು.

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿಯ ಸೋಡಿಯಂ ನೈಟ್ರೇಟ್ ನಿಕ್ಷೇಪಗಳು ಬಳಕೆಗೆ ಬಂದು ಬಿಹಾರದ ವ್ಯಾಪಾರ ಕುಗ್ಗಿತು. ಆ ನಿಕ್ಷೇಪಗಳಿಗಾಗಿ 1879ರಲ್ಲಿ ಚಿಲಿ, ಪೆರು, ಬೊಲಿವಿಯಾಗಳ ನಡುವೆ ಯುದ್ಧವೇ ನಡೆಯಿತು. ಜರ್ಮನಿಯ ಫ್ರಿಟ್ಸ್ ಹಾಬರ್ 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯವನ್ನು ತಯಾರಿಸಿ ತೋರಿಸಿದನು. 1913ರಲ್ಲಿ ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದನು. ಅಲ್ಲಿಂದ ಮುಂದೆ ನೈಟ್ರೇಟಿಗಾಗಿ ನೆಲವನ್ನೇ ನೆಚ್ಚಬೇಕಾದ ಕಾಲ ಕಳೆಯಿತು.

ಉಪಯೋಗಗಳು

ಈಗ ಪೆಟ್ಲುಪ್ಪಿನ ಮುಖ್ಯ ಬಳಕೆ ಕೃಷಿಯಲ್ಲಿ. ಸಾರಜನಕ ಮತ್ತು ಪೊಟ್ಯಾಸಿಯಂ ಎರಡನ್ನೂ ಒಟ್ಟಿಗೆ ಒದಗಿಸುವುದರಿಂದಲೂ ನೀರಿನಲ್ಲಿ ಪೂರ್ಣವಾಗಿ ಕರಗುವುದರಿಂದಲೂ ಹನಿ ನೀರಾವರಿಯ ತೋಟಗಳಿಗೆ ಇದು ಅನುಕೂಲ. ಫಿಲಿಪ್ಪೀನ್ಸಿನಲ್ಲಿ ಇದರ ತೆಳು ದ್ರಾವಣವನ್ನು ಸಿಂಪಡಿಸಿ ಮಾವಿನ ಮರಗಳು ಹೂಬಿಡುವಂತೆ ಮಾಡುವ ಕ್ರಮ 1970ರ ದಶಕದಿಂದ ರೂಢಿಯಲ್ಲಿದೆ. ಬಾಣಬಿರುಸು, ಗಾಜು, ಮಾಂಸ ಸಂರಕ್ಷಣೆ, ಹಲ್ಲು ಜುಮ್ಮೆನ್ನುವುದನ್ನು ತಡೆಯುವ ದಂತಲೇಪ ಇವುಗಳಲ್ಲೂ ಇದು ಬಳಕೆಯಾಗುತ್ತದೆ. ಸೌರವಿದ್ಯುತ್ ಸ್ಥಾವರಗಳಲ್ಲಿ ಸೋಡಿಯಂ ನೈಟ್ರೇಟಿನೊಡನೆ ಇದನ್ನು ಕರಗಿಸಿ ಹಗಲಿನ ಶಾಖವನ್ನು ರಾತ್ರಿಗೆ ಕೂಡಿಡುತ್ತಾರೆ. ನೀರಿನಲ್ಲಿ ಕರಗುವಾಗ ಇದು ಶಾಖವನ್ನು ಹೀರಿಕೊಂಡು ನೀರನ್ನು ತಣಿಸುತ್ತದೆ. ಅಕ್ಬರನ ಅರಮನೆಯಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ಈ ದ್ರಾವಣದಲ್ಲಿಟ್ಟು ತಂಪುಗೊಳಿಸುತ್ತಿದ್ದ ಸಂಗತಿ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಲ್ಲಿದೆ. ಒಂದು ಲೋಟ ನೀರು, ಸ್ವಲ್ಪ ಲವಣ, ಒಂದು ತಾಪಮಾಪಕ ಇದ್ದರೆ ತರಗತಿಯಲ್ಲಿಯೇ ಇದನ್ನು ತೋರಿಸಬಹುದು.

ಎಚ್ಚರಿಕೆಯ ಮಾತು

ಕೊಟ್ಟಿಗೆಯ ಮಣ್ಣಿನಲ್ಲಿ ನೈಟ್ರೇಟು ಹುಟ್ಟುವ ಕ್ರಿಯೆ ಇಂದಿಗೂ ನಿಂತಿಲ್ಲ. ತಿಪ್ಪೆಗಳಿಂದಲೂ ಮಲದಗುಂಡಿಗಳಿಂದಲೂ ಮಿತಿಮೀರಿ ಹಾಕಿದ ಗೊಬ್ಬರದಿಂದಲೂ ನೈಟ್ರೇಟು ಇಂಗಿ ಬಾವಿಗಳನ್ನು ಸೇರುತ್ತಿದೆ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಈ ತೊಂದರೆ ಹೆಚ್ಚಾಗಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟು ಭಾರತೀಯ ಮಾನಕದ ಮಿತಿ. ಅದನ್ನು ಮೀರಿದ ನೀರನ್ನು ಹಸುಗೂಸುಗಳಿಗೆ ಕುಡಿಸಿದರೆ ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವುಂಟು. ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ದೋಷ ಹೋಗುವುದಿಲ್ಲ; ನೀರು ಇಂಗಿದಂತೆ ನೈಟ್ರೇಟಿನ ಪ್ರಮಾಣ ಹೆಚ್ಚುತ್ತದೆ.

ಆದುದರಿಂದ ಬಾವಿಯ ಸಮೀಪದಲ್ಲಿ ತಿಪ್ಪೆ ಹಾಕದಿರುವುದು, ಗೊಬ್ಬರವನ್ನು ಪೈರಿಗೆ ಬೇಕಾದಷ್ಟೇ ಹಾಕುವುದು, ಕುಡಿಯುವ ನೀರನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸುವುದು ಪ್ರತಿಯೊಂದು ಗ್ರಾಮದ ಕರ್ತವ್ಯ. ವಿಜ್ಞಾನದ ಪಾಠವು ಪರೀಕ್ಷೆಯ ಉತ್ತರಪತ್ರಿಕೆಗೆ ಮುಗಿಯದೆ ಊರಿನ ಬಾವಿಯವರೆಗೂ ಹೋಗಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಬಾವಿಗಳ ನೀರನ್ನು ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸುವಂತೆ ಅಧ್ಯಾಪಕರು ಪ್ರೇರೇಪಿಸಿದರೆ, ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಅದಕ್ಕೆ ನೆರವಾದರೆ, ಈ ಪಾಠವು ಸಾರ್ಥಕವಾದಂತೆಯೇ ಸರಿ.