ಸಿಟ್ಟು ಬಂದ ದೇವರು

ತಮ್ಮಾ, 'ಕಾಂತಾರ'ಕ್ಕೆ ಟಾಕೀಜಿನಲ್ಲಿ ಸೀಟಿ ಹೊಡೆದವನು ನೀನು. ಜಪಾನಿನ 'ದಾಯ್‌ಮಾಜಿನ್' ಅನ್ನೂ ಒಮ್ಮೆ ನೋಡು. 1966ರ ಸಿನಿಮಾ, ಕಿಮಿಯೋಶಿ ಯಾಸುದಾ ನಿರ್ದೇಶನ. ಅದೇ ವರ್ಷ ಇನ್ನೆರಡು ಭಾಗ ಬಂದವು. ನಿನಗೆ ಮೊದಲನೆಯದೇ ಸಾಕು.

ಒಡೆಯನನ್ನು ಕೊಂದು ಗದ್ದುಗೆ ಹಿಡಿದ ದುರುಳನೊಬ್ಬ ಊರನ್ನು ಬಿಟ್ಟಿ ದುಡಿಸಿ ಹಿಂಡುತ್ತಾನೆ. ಬೆಟ್ಟದ ಕಲ್ಲುದೇವರನ್ನು ಒಡೆದು ಹಾಕಲು ಆಳು ಕಳಿಸುತ್ತಾನೆ. ಹಣೆಗೆ ಉಳಿ ಹೊಡೆದರೆ ರಕ್ತ ಒಸರುತ್ತದೆ. ದೇವರು ಏಳುವುದು ಸಿನಿಮಾ ಮುಗಿಯುವ ಹೊತ್ತಿಗೆ, ಅಲ್ಲಿಯವರೆಗೆ ತಾಳ್ಮೆಯಿಂದ ಕೂಡು. ಮುಖದ ಮುಂದೆ ಕೈ ಆಡಿಸಿದ್ದೇ ತಡ, ಶಾಂತ ಮುಖ ಉಗ್ರವಾಗುತ್ತದೆ. ಆ ಉರಿಗಣ್ಣು ವೇಷದೊಳಗಿನ ನಟ ಚಿಕಾರಾ ಹಾಶಿಮೊತೊನದು. ಹಣೆಯ ಉಳಿಯನ್ನೇ ಕಿತ್ತು ದುರುಳನಿಗೆ ಚುಚ್ಚುತ್ತದೆ ದೇವರು. ನೀನು ಸೀಟಿ ಹೊಡೆಯುವುದು ಅಲ್ಲೇ, ನನಗೆ ಗೊತ್ತು.

ನಾನು ನೋಡು ಎನ್ನುವುದು ಅದರ ಮುಂದಿನದನ್ನು. ಪಾಪಿ ಸತ್ತರೂ ದೇವರ ಸಿಟ್ಟು ಇಳಿಯುವುದಿಲ್ಲ, ನೊಂದವರ ಮೇಲೇ ತಿರುಗುತ್ತದೆ. ಕೊನೆಗೆ ಹುಡುಗಿಯೊಬ್ಬಳು ಕಾಲಿಗೆ ಬಿದ್ದು ಅತ್ತಾಗಲೇ ಅದು ನಿಲ್ಲುವುದು.

ಅಂಥ ಸಿಟ್ಟು ನಮ್ಮಲ್ಲೂ ಉಂಟು. 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಏನಾಯಿತು? ಧಾರಣೆ ಬಿತ್ತು, ರೈತರ ಹೊಟ್ಟೆ ಉರಿಯಿತು. ಉರಿಯಲೇಬೇಕು, ವರ್ಷದ ಬೆವರು ಅದು. ಆದರೆ ಎಪಿಎಂಸಿ ಕಚೇರಿಯನ್ನು ಒಡೆದರು, ನಿಂತ ಗಾಡಿಗಳಿಗೆ ಬೆಂಕಿ ಇಟ್ಟರು. ಧಾರಣೆ ಇಳಿಸಿದ್ದು ಆ ಗಾಡಿಗಳೇನು? ಆಮೇಲೆ ಪೊಲೀಸ್ ಠಾಣೆಗೆ ಅಲೆದವರು ವ್ಯಾಪಾರಸ್ಥರಲ್ಲ, ಆ ಸಿಟ್ಟಿಗೆದ್ದವರೇ.

ನಮ್ಮ ದೇವರು ಮೈಲಾರನೂ ಉಗ್ರನೇ, ಮಣಿ-ಮಲ್ಲಾಸುರರನ್ನು ಕೊಂದವನು. ಅವನ ಹೆಸರಲ್ಲಿ ಏಳುಕೋಟಿ ಎಂದು ಕೂಗುವ ಜನ ಆಯುಧಪೂಜೆಯ ದಿನ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಕಿಕ್ಕಿರಿಯುತ್ತಾರೆ. ಕಂಬಳಿ ಹೊದ್ದ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದರೆ ಅಷ್ಟು ಗದ್ದಲವೂ ಅಡಗುತ್ತದೆ. ಆಮೇಲೆ ಒಂದೇ ಸಾಲಿನ ಕಾರ್ಣಿಕ, ಅಂದರೆ ಭವಿಷ್ಯವಾಣಿ. ಅದು ನಿಜವಾಗುತ್ತದೋ ಇಲ್ಲವೋ ನೀನು ವಾದ ಮಾಡಿಕೋ. ನನಗೆ ಬೇಕಾದದ್ದು 'ಸದ್ದಲೇ' ಎನ್ನುವ ಆ ತಡೆ.

ಮುಂದಿನ ಸಲ ಧಾರಣೆ ಬಿದ್ದರೆ ಟೆಂಡರ್ ಚೀಟಿ ಹಿಡಿದು ಅಧಿಕಾರಿಯ ಮುಂದೆ ಕೂಡು, ಹತ್ತು ಮಂದಿಯನ್ನು ಕೂಡಿಸು, ದೊಡ್ಡ ದನಿಯಲ್ಲೇ ಕೇಳು. ಕಡ್ಡಿಪೆಟ್ಟಿಗೆ ಮಾತ್ರ ಮನೆಯಲ್ಲೇ ಇರಲಿ.