ಬಗ್ ತಿದ್ದದೆ ರೋಗ ವಾಸಿ ಮಾಡೋದು ಹೇಗೆ?

ಕೋಡ್‌ನಲ್ಲಿ ಒಂದೇ ಅಕ್ಷರ ತಪ್ಪಿದರೂ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಸಿಕಲ್ ಸೆಲ್ ಅನೀಮಿಯಾ ಅಂಥದ್ದೇ ರೋಗ. ಬೀಟಾ ಗ್ಲೋಬಿನ್ ಜೀನ್‌ನಲ್ಲಿ ‘ಎ’ ಇರಬೇಕಾದ ಒಂದು ಕಡೆ ‘ಟಿ’ ಇರುತ್ತೆ. ತಂದೆ, ತಾಯಿ ಇಬ್ಬರಿಂದಲೂ ಈ ಜೀನ್ ಬಂದರೆ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ವಿಪರೀತ ನೋವು ಕೊಡುತ್ತವೆ.

2023ರಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್‌ಜೆವಿ ಚಿಕಿತ್ಸೆ ಈ ತಪ್ಪನ್ನು ತಿದ್ದುವುದೇ ಇಲ್ಲ! ಗರ್ಭದಲ್ಲಿದ್ದಾಗ ನಮ್ಮಲ್ಲಿ ಬೇರೆ ಬಗೆಯ ಹಿಮೋಗ್ಲೋಬಿನ್ ಇರುತ್ತೆ. ಹುಟ್ಟಿದ ಮೇಲೆ ಬಿಸಿಎಲ್11ಎ ಎಂಬ ಜೀನ್ ಅದನ್ನು ಅದುಮಿಡುತ್ತೆ. ರೋಗಿಯ ಸ್ಟೆಮ್ ಸೆಲ್‌ಗಳನ್ನು ಹೊರತೆಗೆದು, ಕ್ರಿಸ್ಪರ್‌ನಿಂದ ಆ ಜೀನ್‌ನ ಸ್ವಿಚ್ ಕತ್ತರಿಸಿ, ಮತ್ತೆ ದೇಹಕ್ಕೆ ಸೇರಿಸ್ತಾರೆ. ಮಗುವಿನ ಹಿಮೋಗ್ಲೋಬಿನ್ ಪುನಃ ತಯಾರಾಗಿ, ಕಣಗಳು ಬಾಗದಂತೆ ತಡೆಯುತ್ತೆ.

ಆದರೆ ಸೇರಿಸೋ ಮೊದಲು ಹಳೆಯ ಅಸ್ಥಿಮಜ್ಜೆ ಖಾಲಿ ಮಾಡೋಕೆ ಕೀಮೋ ಬೇಕು. ಅದರಿಂದ ಮುಂದೆ ಮಕ್ಕಳಾಗದೇ ಹೋಗಬಹುದು. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಇದೇ ರೋಗ ನಮ್ಮ ಮೈಸೂರು, ಚಾಮರಾಜನಗರದ ಹಾಡಿಗಳಲ್ಲೂ ಇದೆ.

ಸೆಲ್‌ಗಳನ್ನು ಹೊರಗೆ ತೆಗೆಯದೆ, ಕೀಮೋ ಕೊಡದೆ, ಹಾಡಿಯವರ ಕೈಗೆಟಕುವ ಖರ್ಚಿನಲ್ಲಿ ಆ ಸ್ವಿಚ್ ಕತ್ತರಿಸೋದು ಹೇಗೆ? ಇದು ಡಾಕ್ಟರುಗಳಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲ, ನಮ್ಮ ಪ್ರಶ್ನೆಯೂ ಹೌದು.